ಹುಡುಗಿಯರ ಪುಸ್ತಕ

ಕೆಲವು ವರ್ಷಗಳ ಹಿಂದೆ ಸುಳ್ಯದಲ್ಲಿ ಒಂದು ಸಾಹಿತ್ಯ ಕಾರ್ಯಕ್ರಮ ನಡೆಯಿತು. ಕನ್ನಡ ಕಾದಂಬರಿಯ ಆರಂಭದ ದಿನಗಳ ಬಗ್ಗೆ ಉಪನ್ಯಾಸ. ಆಟಿ ತಿಂಗಳ ಮಳೆ. ಸಭೆಯಲ್ಲಿ ಜನಕ್ಕಿಂತ ಕೊಡೆಗಳೇ ಹೆಚ್ಚು ಕಾಣುತ್ತಿದ್ದವು. ಮಾತಾಡಿದವರು ದೂರದಿಂದ ಬಂದವರು. ತುಂಬ ಓದಿಕೊಂಡವರು, ಮಾತು ಬಲ್ಲವರು. 1899ರ 'ಇಂದಿರಾಬಾಯಿ'ಯಿಂದ ಹೊರಟು ಒಂದೂವರೆ ಗಂಟೆ ಹೊತ್ತು ಕಾಗದ ನೋಡದೆ ಮಾತಾಡಿದರು. ನಾನೂ ತಲೆದೂಗುತ್ತ ಕೇಳಿದೆ. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಹಿಂದಿನ ಸಾಲಿನಿಂದ ಒಬ್ಬಳು ಕಾಲೇಜು ಹುಡುಗಿ ಎದ್ದು ನಿಂತಳು. "ಸರ್, ನಂಜನಗೂಡು ತಿರುಮಲಾಂಬಾ ಅವರ ಹೆಸರು ನೀವು ಹೇಳಲೇ ಇಲ್ಲವಲ್ಲ?" ಎಂದಳು.

ಅವರು ನಕ್ಕರು. "ಅವು ಹುಡುಗಿಯರ ಪುಸ್ತಕಗಳಮ್ಮ. ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದಕ್ಕೆ ಬರೆದವು. ಅವಕ್ಕೆ ಒಂದು ಅಡಿಟಿಪ್ಪಣಿ ಸಾಕು. ಯಾವ ದೇಶದಲ್ಲೂ ಅಂಥವನ್ನು ಸಾಹಿತ್ಯ ಅಂತ ಎಣಿಸುವುದಿಲ್ಲ" ಎಂದರು. ಸಭೆಯೂ ನಕ್ಕಿತು. ಹುಡುಗಿ ಕೂತಳು. ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಬಸ್ಸು ತಪ್ಪೀತು ಎಂಬ ನೆವ ಇತ್ತು. ಧೈರ್ಯ ಸಾಲಲಿಲ್ಲ ಎಂಬುದು ನಿಜ. ಆ ದಿನ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಆ ಹುಡುಗಿ ಎಲ್ಲಿದ್ದಾಳೋ, ಇದನ್ನು ಓದುತ್ತಾಳೋ ಗೊತ್ತಿಲ್ಲ.

ಮೊದಲು ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನು ತಿಳಿದುಕೊಳ್ಳೋಣ. ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ, ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು. ಹತ್ತನೆಯ ವಯಸ್ಸಿಗೆ ಮಗಳಿಗೆ ಮದುವೆಯಾಯಿತು, ಹದಿನಾಲ್ಕಕ್ಕೆ ಅವಳು ವಿಧವೆಯಾದಳು. ಆ ಕಾಲದಲ್ಲಿ ಅಲ್ಲಿಗೆ ಒಂದು ಹೆಣ್ಣಿನ ಕಥೆ ಮುಗಿದುಹೋಗುತ್ತಿತ್ತು. ಇವರ ಕಥೆ ಅಲ್ಲಿಂದ ಶುರುವಾಯಿತು. ತಂದೆ ಮನೆಯಲ್ಲೇ ಕೂರಿಸಿಕೊಂಡು ಓದಿಸಿದರು. ಮಗಳು ತಾನು ಕಲಿತದ್ದನ್ನು ನೆರೆಹೊರೆಯ ಹುಡುಗಿಯರಿಗೆ ಕಲಿಸಿದಳು. 1913ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, 'ಸತಿಹಿತೈಷಿಣಿ' ಎಂಬ ಹೆಸರಿನಲ್ಲಿ ಸ್ವಂತ ಗ್ರಂಥಮಾಲೆ ಶುರುಮಾಡಿ 'ಸುಶೀಲೆ' ಎಂಬ ಕಾದಂಬರಿಯನ್ನು ಹೊರತಂದರು. ಅದು ಮತ್ತೆ ಮತ್ತೆ ಅಚ್ಚಾಯಿತು. 1914ರಲ್ಲಿ 'ನಭಾ' ಬಂತು. ಆಮೇಲೆ ಕಾದಂಬರಿ, ನಾಟಕ, ಪ್ರಬಂಧ, ಹಾಡು, ಪತ್ತೇದಾರಿ ಕಥೆ, ಹೀಗೆ ಎಲ್ಲದಕ್ಕೂ ಕೈಹಾಕಿದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಕನ್ನಡದಲ್ಲಿ ಬರೆದ, ಪ್ರಕಟಿಸಿದ, ಪತ್ರಿಕೆ ನಡೆಸಿದ ಹೆಂಗಸರಲ್ಲಿ ಮೊದಲ ಸಾಲಿನವರು ಅವರು.

ಆ 'ಸತಿಹಿತೈಷಿಣಿ' ಎಂಬ ಹೆಸರನ್ನು ಸ್ವಲ್ಪ ನಿಧಾನವಾಗಿ ಓದಿ. ಸತಿಯರ ಹಿತ ಬಯಸುವವಳು ಎಂದರ್ಥ. ಇಟ್ಟುಕೊಂಡವರು ಹದಿನಾಲ್ಕನೆಯ ವಯಸ್ಸಿಗೆ ಸತಿ ಎಂಬ ಸ್ಥಾನ ಕಳೆದುಕೊಂಡವರು. ಶುಭಕಾರ್ಯಕ್ಕೆ ಎದುರು ಬರಬಾರದು ಎಂದು ಊರು ಯಾರಿಗೆ ಹೇಳುತ್ತಿತ್ತೋ, ಅಂಥವರು ಬರೆದ ಪುಸ್ತಕ ಮುತ್ತೈದೆಯರ ಮಡಿಲಿಗೆ ಹೋಗಿ ಬಿತ್ತು. ನಮ್ಮ ಭಾಷಣಕಾರರು ಅಡಿಟಿಪ್ಪಣಿಗೆ ಕಳಿಸಿದ್ದು ಇವರನ್ನು.

ನನಗೆ ಇದು ಬರಿಯ ಚರಿತ್ರೆಯ ವಿಷಯವಲ್ಲ. ನಮ್ಮ ಮನೆಯಲ್ಲೂ ಅಂಥ ಒಬ್ಬರಿದ್ದರು. ನನ್ನ ಅಜ್ಜನ ತಂಗಿ. ಅಪ್ಪನಿಗೆ ಅತ್ತೆ, ಅಪ್ಪ ಕರೆದ ಹಾಗೆ ನಾವು ಮಕ್ಕಳೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆವು. ತಿರುಮಲಾಂಬಾ ಅವರಿಗಿಂತ ಏಳೆಂಟು ವರ್ಷ ಚಿಕ್ಕವರಿರಬೇಕು. ಹನ್ನೆರಡಕ್ಕೆ ಗಂಡ ತೀರಿಕೊಂಡು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಪಯಸ್ವಿನಿ ಹೊಳೆಯಾಚೆಯ ನಮ್ಮ ತೋಟದ ಮನೆಗೆ ತಂದು ಬಿಟ್ಟಿದ್ದರು. ಅಲ್ಲಿಂದ ಸಾಯುವ ತನಕ ಅಡಿಗೆಕೋಣೆ, ಬಚ್ಚಲುಮನೆ, ಹಟ್ಟಿ. ಅವರಿಗೆ ಓದಿಸುವ ಅಪ್ಪ ಸಿಗಲಿಲ್ಲ. ಅಣ್ಣಂದಿರಿಗೆ ಐಗಳು ಚಾವಡಿಯಲ್ಲಿ ಹೊಯಿಗೆ ಹರಡಿ ಅಕ್ಷರ ತಿದ್ದಿಸುವಾಗ ಇವರು ಗೋಡೆಯ ಈಚೆ ಕೂತು ಒಲೆಯ ಬೂದಿಯಲ್ಲಿ ಬೆರಳಾಡಿಸಿ ಕಲಿತರಂತೆ. ಹಾಗೆ ಕಲಿತ ಅಕ್ಷರವನ್ನು ಎಂಬತ್ತರ ಹತ್ತಿರದ ತನಕ ಬಿಡಲಿಲ್ಲ.

ಅತ್ತೆಯ ಹತ್ತಿರ ಒಂದು ಪುಸ್ತಕ ಇತ್ತು. ರಟ್ಟು ಹೋಗಿ, ಮೊದಲ ಕೆಲವು ಹಾಳೆಗಳೂ ಹೋಗಿ, ಅಕ್ಕಿ ಮುಡಿಯ ಹಗ್ಗದಂಥ ಹಗ್ಗದಿಂದ ಕಟ್ಟಿದ್ದ ಪುಸ್ತಕ. ಯಾರೋ ನೆಂಟರು ಮಂಗಳೂರಿನಿಂದ ತಂದು ಬಿಟ್ಟುಹೋದದ್ದು. ಒಬ್ಬಳು ಒಳ್ಳೆಯ ಹುಡುಗಿ, ಅವಳಿಗೆ ಕಷ್ಟಗಳ ಮೇಲೆ ಕಷ್ಟ, ತಾಳ್ಮೆಯಿಂದ ಕೊನೆಗೆ ಗೆಲ್ಲುತ್ತಾಳೆ. ನಡುನಡುವೆ ಧರ್ಮದ ಉಪದೇಶ. ಬರೆದವರ ಹೆಸರಿದ್ದ ಹಾಳೆಯೇ ಇರಲಿಲ್ಲ. ಅದು ತಿರುಮಲಾಂಬಾ ಅವರದೇ ಪುಸ್ತಕ ಎಂದು ನಾನು ಹೇಳಲಾರೆ. ಆ ಜಾತಿಯದು ಎಂದಷ್ಟೇ ಹೇಳಬಲ್ಲೆ.

ಒಣಗಿದ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹೆಂಗಸರು ಒಳಗಿನ ಕೋಣೆಯಲ್ಲಿ ಸುತ್ತ ಕೂತಿರುತ್ತಿದ್ದರು. ನಡುವೆ ಚಿಮಿಣಿ ದೀಪ. ಅತ್ತೆ ಆ ಪುಸ್ತಕ ತೆರೆದು ಓದುತ್ತಿದ್ದರು. ಗಂಡಸರು ಚಾವಡಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಧಾರಣೆಯ ಮಾತಾಡುತ್ತಿದ್ದರು. ಆಗ ನನಗೆ ಎಂಟೋ ಒಂಬತ್ತೋ ವಯಸ್ಸು. ಒಂದು ವಿಚಿತ್ರ ಗಮನಿಸಿದ್ದೆ. ಪತಿಯೇ ದೈವ, ಹಿರಿಯರ ಮಾತು ಮೀರಬಾರದು ಎಂಬಂಥ ಸಾಲುಗಳು ಬಂದಾಗ ಅತ್ತೆಯ ಸ್ವರ ಏರುತ್ತಿತ್ತು, ಚಾವಡಿಗೆ ಸ್ಪಷ್ಟವಾಗಿ ಕೇಳುವ ಹಾಗೆ. ಹುಡುಗಿ ಒಬ್ಬಳೇ ಕೂತು ಅಳುವಾಗ, ಸಿಟ್ಟು ಬಂದಾಗ, ಕಾಗದ ಬರೆಯುವಾಗ, ಮನೆ ಬಿಟ್ಟು ಹೊರಟಾಗ ಸ್ವರ ತಗ್ಗುತ್ತಿತ್ತು. ನಾವು ಸುಲಿಯುವುದನ್ನು ನಿಲ್ಲಿಸಿ ಹತ್ತಿರ ಸರಿದು ಕೂರಬೇಕಾಗುತ್ತಿತ್ತು. ಒಮ್ಮೆ ಅಜ್ಜ ಚಾವಡಿಯಿಂದಲೇ, "ಒಳ್ಳೆಯ ಪುಸ್ತಕ, ಓದಲಿ ಓದಲಿ" ಎಂದರು. ಅವರಿಗೆ ಕೇಳಿಸಿದ್ದು ಬೇರೆ ಪುಸ್ತಕ, ನಮಗೆ ಕೇಳಿಸಿದ್ದು ಬೇರೆ ಪುಸ್ತಕ.

ಈಗ ಭಾಷಣಕಾರರ ಆರೋಪಕ್ಕೆ ಬರುತ್ತೇನೆ. ಉಪದೇಶ ಇದೆಯೇ? ಇದೆ. ಧಾರಾಳವಾಗಿ ಇದೆ. ತಿರುಮಲಾಂಬಾ ಪಾತಿವ್ರತ್ಯವನ್ನು ಹೊಗಳಿದರು, ತಾಳ್ಮೆಯನ್ನು ಹೊಗಳಿದರು. ಇಂದಿನ ಹುಡುಗಿ ಅದನ್ನು ಓದಿದರೆ ಅಲ್ಲಲ್ಲಿ ಅವಳ ಮೈ ಉರಿಯಬಹುದು. ನನಗೂ ಉರಿಯುತ್ತದೆ. ಮುಚ್ಚಿಟ್ಟು ವಾದ ಮಾಡುವ ಆಸೆ ನನಗಿಲ್ಲ. ಆದರೆ ನಾನು ಕೇಳುವುದಿಷ್ಟೆ: 1913ರಲ್ಲಿ ಒಂದು ಪುಸ್ತಕ ಹುಡುಗಿಯ ಕೈಗೆ ತಲುಪುವ ಮೊದಲು ಯಾರ ಕೈ ದಾಟಬೇಕಿತ್ತು? ದುಡ್ಡು ಕೊಡುವವನು ಗಂಡಸು. ಅಂಚೆಯಲ್ಲಿ ಬಂದ ಕಟ್ಟು ಬಿಚ್ಚುವವನು ಗಂಡಸು. ಇದು ನಮ್ಮ ಮನೆಗೆ ತಕ್ಕದ್ದೇ ಎಂದು ಮೊದಲ ನಾಲ್ಕು ಪುಟ ತಿರುವಿ ನೋಡುವವನೂ ಅವನೇ. ಹೆಣ್ಣು ಓದಿದರೆ ಕೆಡುತ್ತಾಳೆ, ಓದಿದವಳಿಗೆ ವೈಧವ್ಯ ತಪ್ಪದು ಎಂದು ನಂಬಿದ್ದ ಕಾಲ. ಓದುವುದಕ್ಕೆ ಮೊದಲೇ ವಿಧವೆಯಾದವರ ಮೇಲೂ ಆ ಮಾತು ಬೀಳುತ್ತಿತ್ತು. ಅಂಥ ಬಾಗಿಲಲ್ಲಿ ನಿಂತು 'ಸತಿ', 'ಸುಶೀಲೆ' ಎಂದರೆ ಮಾತ್ರ ಒಳಗೆ ಬಿಡುತ್ತಿದ್ದರು. ಅವರು ಆ ಮಾತನ್ನು ಸುಳ್ಳಾಗಿ ಹೇಳಿದರು ಎಂದು ನಾನು ಹೇಳುವುದಿಲ್ಲ, ನಂಬಿಯೇ ಹೇಳಿರಬಹುದು. ಆದರೆ ಒಳಗೆ ಹೋದ ಮೇಲೆ ಪುಸ್ತಕ ಮಾಡಿದ ಕೆಲಸ ಉಪದೇಶ ಒಂದೇ ಆಗಿರಲಿಲ್ಲ. ಒಬ್ಬಳು ಹುಡುಗಿಯ ಮನಸ್ಸಿನೊಳಗೆ ನಡೆಯುವುದು ಅಚ್ಚು ಹಾಕುವಷ್ಟು ದೊಡ್ಡ ವಿಷಯ ಎಂದು ಅದು ತೋರಿಸಿಕೊಟ್ಟಿತು. ಇನ್ನೊಬ್ಬಳು ಹೆಂಗಸು ಅದನ್ನು ಬರೆದಿದ್ದಾಳೆ ಎಂಬುದು ಮುಖಪುಟದಲ್ಲೇ ಇತ್ತು. ಹೆಂಗಸರ ಹೆಸರು ಮದುವೆಯ ಕರೆಯೋಲೆಯಲ್ಲಿ ಬಿಟ್ಟರೆ ಎಲ್ಲೂ ಅಚ್ಚಾಗದ ದಿನಗಳವು.

ಇನ್ನು 'ಇಂದಿರಾಬಾಯಿ'. ಅದು ನಮ್ಮ ಜಿಲ್ಲೆಯ ಹೆಮ್ಮೆ. ಗುಲ್ವಾಡಿ ವೆಂಕಟರಾಯರು ಬರೆದದ್ದು, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದದ್ದು. ಎಳೆಯ ವಿಧವೆ ಇಂದಿರೆ ಕಪಟ ಸಂತರ ಮಂಡಲಿಯಿಂದ ತಪ್ಪಿಸಿಕೊಂಡು, ಓದಿ, ಕೊನೆಗೆ ಭಾಸ್ಕರನನ್ನು ಮದುವೆಯಾಗುತ್ತಾಳೆ. ದಿಟ್ಟ ಕಾದಂಬರಿ, ಸಂಶಯ ಬೇಡ. ಆದರೆ ನಮ್ಮ ಅಳತೆಗೋಲು ನೋಡಿ. ಗಂಡಸೊಬ್ಬರು ಕಲ್ಪಿಸಿದ ವಿಧವೆ ಓದಿದರೆ ಅದು ಕನ್ನಡ ಕಾದಂಬರಿಯ ಚರಿತ್ರೆ. ಹದಿನಾಲ್ಕು ವರ್ಷದ ಬಳಿಕ ನಿಜವಾದ ವಿಧವೆಯೊಬ್ಬರು ಓದಿ, ಬರೆದು, ಅಚ್ಚು ಹಾಕಿಸಿ, ಮಾರಿದರೆ ಅದು ಹುಡುಗಿಯರ ಪುಸ್ತಕ. ಇಂದಿರೆ ಸುಧಾರಕರ ಆಶ್ರಯದಲ್ಲಿ ಬೆಳೆದಳು. ಅವಳು ತಪ್ಪುವ ಹಾಗಿರಲಿಲ್ಲ, ಲೇಖಕರು ಬಿಡುತ್ತಿರಲಿಲ್ಲ. ತಿರುಮಲಾಂಬಾ ಅವರ ಪ್ರತಿ ಹೆಜ್ಜೆಯನ್ನೂ ಒಂದು ಊರೇ ನೋಡುತ್ತಿತ್ತು. ಅವರ ಬರಹದಲ್ಲಿ ಧೈರ್ಯ ಕಡಿಮೆ ಎನ್ನುವವರು ಅವರ ಬದುಕಿನ ಧೈರ್ಯವನ್ನು ಲೆಕ್ಕದಿಂದ ಬಿಟ್ಟೇಬಿಡುವುದು ಯಾವ ನ್ಯಾಯ?

ಉಪದೇಶವೇ ದೋಷವಾದರೆ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದರು. ಕಥೆಯಲ್ಲೂ ಪದ್ಯದಲ್ಲೂ ನೀತಿ ಹೇಳಿದರು. ಅವರನ್ನು ನಾವು ತಲೆಯ ಮೇಲಿಟ್ಟುಕೊಂಡಿದ್ದೇವೆ, ಇಟ್ಟುಕೊಳ್ಳಬೇಕಾದದ್ದೇ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮಕ್ಕಳ ಪುಸ್ತಕ ಎಂದು ಯಾರೂ ಮೂಗು ಮುರಿಯಲಿಲ್ಲ. ಹಾಗಾದರೆ ಓದುಗರು ಚಿಕ್ಕವರು ಎಂಬುದು ಕಾರಣವಲ್ಲ, ನೀತಿ ಇದೆ ಎಂಬುದೂ ಕಾರಣವಲ್ಲ. ಉಳಿದ ಕಾರಣ ಯಾವುದು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಯಾವ ದೇಶದಲ್ಲೂ ಎಣಿಸುವುದಿಲ್ಲ" ಎಂಬ ಮಾತು ಆ ದಿನ ನನ್ನನ್ನು ಹೆಚ್ಚು ಬಾಧಿಸಿತು, ಯಾಕೆಂದರೆ ಅದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ. ಆಮೇಲೆ ಹುಡುಕಿದೆ. ಕರಾವಳಿಯ ನಮಗೆ ಜರ್ಮನರು ಹೊಸಬರಲ್ಲ. 1834ರಿಂದ ಮಂಗಳೂರಿಗೆ ಬಂದವರು, 1843ರಲ್ಲಿ ನಮಗೆ ಮೊದಲ ಪತ್ರಿಕೆ, 1894ರಲ್ಲಿ ಕಿಟ್ಟೆಲರ ನಿಘಂಟು ಕೊಟ್ಟವರು. ಅವರ ನಾಡಿನಲ್ಲಿ ಹುಡುಗಿಯರಿಗೆಂದು ಬರೆದವರ ಗತಿ ಏನಾಯಿತು ಎಂದು ನೋಡಿದಾಗ ಎಮ್ಮಿ ಫಾನ್ ರೋಡನ್ ಎಂಬ ಹೆಸರು ಸಿಕ್ಕಿತು. ಹುಟ್ಟಿದ್ದು 1829ರಲ್ಲಿ, ಮಾಗ್ಡೆಬುರ್ಗ್ ಎಂಬ ಊರಿನಲ್ಲಿ. ಅದು ಕಾವ್ಯನಾಮ, ನಿಜ ಹೆಸರು ಎಮಿಲೀ. ಗಂಡನೂ ಲೇಖಕನೇ. 1885ರಲ್ಲಿ ಅವರು ತೀರಿಕೊಂಡರು, ಅದೇ ವರ್ಷ ಅವರ 'ಟ್ರೊಟ್ಸ್‌ಕೋಪ್ಫ್' ಪ್ರಕಟವಾಯಿತು. 'ಹಟಮಾರಿ' ಎಂದು ಕರೆಯಬಹುದು.

ಕಥೆಯನ್ನು ಇಂಗ್ಲಿಷ್ ಅನುವಾದದ ಮೂಲಕ ತಿಳಿದುಕೊಂಡೆ. ಇಲ್ಸೆ ಎಂಬ ತಾಯಿಯಿಲ್ಲದ ಹುಡುಗಿ; ಅಪ್ಪನ ಮುದ್ದಿನಲ್ಲಿ ಬೆಳೆದು ಯಾರ ಮಾತಿಗೂ ಬಗ್ಗದವಳು. ಮಲತಾಯಿ ಬಂದ ಮೇಲೆ ಅವಳನ್ನು ಹುಡುಗಿಯರ ವಸತಿಶಾಲೆಗೆ ಕಳಿಸುತ್ತಾರೆ. ಅಲ್ಲಿ ತಿದ್ದಿಸಿಕೊಂಡು, ಮೆತ್ತಗಾಗಿ, ಕೊನೆಗೆ ಮದುವೆಗೆ ಒಪ್ಪಿಕೊಳ್ಳುತ್ತಾಳೆ. ನೋಡಿ, ನಮ್ಮ ಸುಶೀಲೆಯರಿಗಿಂತ ಇದರಲ್ಲಿ ಉಪದೇಶ ಕಡಿಮೆಯೇನೂ ಇಲ್ಲ. ಆದರೆ ಆ ಪುಸ್ತಕದಲ್ಲಿ ಒಂದು ಜಾಗ ಇದೆ. ಹಟ ಹಿಡಿದ ಇಲ್ಸೆಗೆ ಅವಳ ಅಧ್ಯಾಪಕಿ ಒಂದು ನೀತಿಕಥೆ ಹೇಳುತ್ತಾಳೆ. ಹಟದಿಂದಲೇ ಪ್ರೀತಿಸಿದವನನ್ನು ಕಳೆದುಕೊಂಡ ಹುಡುಗಿಯ ಕಥೆ. ಆ ಹುಡುಗಿ ಬೇರೆ ಯಾರೂ ಅಲ್ಲ, ಆ ಅಧ್ಯಾಪಕಿಯೇ. ಅದನ್ನು ಓದುವಾಗ ನನಗೆ ನಮ್ಮ ಅತ್ತೆಯ ಎರಡು ಸ್ವರ ಕೇಳಿಸಿತು. ತನ್ನದು ಎಂದು ಹೇಳಲಾಗದ್ದನ್ನು ನೀತಿಯ ಸೆರಗಿನಲ್ಲಿ ಕಟ್ಟಿ ಕೊಡುವ ವಿದ್ಯೆ ನಂಜನಗೂಡಿನಲ್ಲೂ ಸುಳ್ಯದಲ್ಲೂ ಜರ್ಮನಿಯಲ್ಲೂ ಹೆಂಗಸರಿಗೆ ಗೊತ್ತಿತ್ತು.

ಜರ್ಮನರು ಆ ಪುಸ್ತಕವನ್ನು ಏನು ಮಾಡಿದರು? ಬೈದರು. ಹುಡುಗಿಯರನ್ನು ಪಳಗಿಸುವ ಪುಸ್ತಕ ಎಂದು ಕಟುವಾಗಿ ಬರೆದವರಿದ್ದಾರೆ. ಆದರೆ ಪುಸ್ತಕವನ್ನು ಕಳೆಯಲಿಲ್ಲ. ಲೇಖಕಿಯ ಮಗಳು ಎಲ್ಸೆ ವಿಲ್ಡ್‌ಹಾಗೆನ್ ಕಥೆಯನ್ನು ಮುಂದುವರಿಸಿದಳು. ಹಾಲೆಂಡಿನ ಒಬ್ಬ ಲೇಖಕಿ ಇಲ್ಸೆಯನ್ನು ಅಜ್ಜಿಯನ್ನಾಗಿಯೂ ಮಾಡಿದಳು. 1983ರಲ್ಲಿ ಅದು ಅಲ್ಲಿನ ಟೆಲಿವಿಷನ್‌ನಲ್ಲಿ ಧಾರಾವಾಹಿಯಾಯಿತು. ಬರೆದವಳು ತೀರಿಕೊಂಡು ನೂರು ವರ್ಷ ಹತ್ತಿರವಾದರೂ ಹಟಮಾರಿ ಮನೆಮನೆಯಲ್ಲಿ ಇದ್ದಳು.

ಅದರ ಹಿಂದಿನ ವರ್ಷ, 1982ರಲ್ಲಿ, ತಿರುಮಲಾಂಬಾ ಮದರಾಸಿನಲ್ಲಿ ತೀರಿಕೊಂಡರು. ತೊಂಬತ್ತೈದು ವರ್ಷ. ಕೊನೆಯ ಹಲವು ದಶಕ ಅವರು ಬರೆದೇ ಇರಲಿಲ್ಲ. ಅವರು ಬದುಕಿದ್ದಾರೆ ಎಂಬುದೇ ಕನ್ನಡ ಓದುಗರಿಗೆ ಮರೆತುಹೋಗಿತ್ತು. ಸಿ.ಎನ್. ಮಂಗಳಾ, ವಿಜಯಾ ದಬ್ಬೆ ಮುಂತಾದ ಹೆಂಗಸರೇ ಮುಂದೆ ಬಂದು ಅವರನ್ನು ಮತ್ತೆ ನಮಗೆ ತೋರಿಸಿಕೊಟ್ಟರು. ಅವರ ಹೆಸರಿನಲ್ಲಿ ಪ್ರಶಸ್ತಿಯೂ ಬಂತು. ಆದರೆ ಪ್ರಶಸ್ತಿಯ ಹೆಸರು ಕೇಳಿದವರಲ್ಲಿ ಎಷ್ಟು ಜನ 'ನಭಾ'ದ ಒಂದು ಪುಟ ಓದಿದ್ದಾರೆ? ಒಂದು ಗ್ರಂಥಾಲಯಕ್ಕೆ ಹೋಗಿ ಅವರ ಪುಸ್ತಕ ಕೇಳಿದೆ. ಅಲ್ಲಿದ್ದವರು ಪಾಪ, ಸೌಜನ್ಯದಿಂದಲೇ, "ಹೆಂಗಸರ ವಿಭಾಗ ಅಲ್ಲಿದೆ ನೋಡಿ ಅಮ್ಮ" ಎಂದು ತೋರಿಸಿದರು. ಆ ಕಪಾಟಿನಲ್ಲಿ ಅಡಿಗೆ ಪುಸ್ತಕ, ರಂಗೋಲಿ ಪುಸ್ತಕ ಇದ್ದವು.

ನಾನು ಅವರ ವಿಗ್ರಹ ನಿಲ್ಲಿಸಿ ಎನ್ನುವುದಿಲ್ಲ. ಕುವೆಂಪು, ಕಾರಂತರ ಪಕ್ಕದಲ್ಲಿ ಕೂರಿಸಿ ಎಂದೂ ಹೇಳುವುದಿಲ್ಲ. ಅಚ್ಚು ಹಾಕಿ, ಕಪಾಟಿನಲ್ಲಿಡಿ, ಓದಿ, ಆಮೇಲೆ ಬೇಕಾದಷ್ಟು ಬೈಯಿರಿ. ಓದಿ ಬೈದರೆ ಅದು ವಿಮರ್ಶೆ. ಓದದೆ ನಕ್ಕರೆ ಅದು ಚಾವಡಿಯ ಮಾತು. ಮತ್ತು ಹುಡುಗಿಯೊಬ್ಬಳು ಎದ್ದು ನಿಂತು ಹೆಸರು ಹಿಡಿದು ಕೇಳಿದಾಗ ಅವಳನ್ನು ಕೂರಿಸಬೇಡಿ. ಆ ಹೆಸರು ಅವಳ ತನಕ ತಲುಪುವುದಕ್ಕೆ ನೂರು ವರ್ಷ ಬೇಕಾಯಿತು.

ಭಾಷಣಕಾರರನ್ನು ಇಷ್ಟು ಹೊತ್ತು ದೂರಿದೆ. ಈಗ ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. 1968ರಲ್ಲಿ ನಾನು ಕಾಲೇಜಿಗೆ ಹೋಗುತ್ತಿದ್ದೆ. ಇಂಗ್ಲಿಷ್ ಕಾದಂಬರಿಗಳ ರುಚಿ ಹತ್ತಿತ್ತು. ರಜೆಯಲ್ಲಿ ಮನೆಗೆ ಬಂದಾಗ ಅತ್ತೆ ಅದೇ ಹಗ್ಗ ಕಟ್ಟಿದ ಪುಸ್ತಕ ಹಿಡಿದು ಬಾಗಿಲ ಬೆಳಕಿಗೆ ಕೂತಿದ್ದರು. ಕಣ್ಣು ಮಂಜಾಗಿತ್ತು, ಬೆರಳು ಸಾಲಿನ ಮೇಲೆ ಹೋಗುತ್ತಿತ್ತು. "ಇನ್ನೂ ಅದನ್ನೇ ಓದುತ್ತೀರಾ ಅತ್ತೆ? ಅದರಲ್ಲಿ ಏನುಂಟು? ಬರೀ ಬುದ್ಧಿಮಾತು" ಎಂದೆ. ಆ ಭಾಷಣಕಾರರು ನಕ್ಕ ಹಾಗೆಯೇ ನಾನೂ ನಕ್ಕಿರಬೇಕು. ಅತ್ತೆ ತಲೆ ಎತ್ತಲಿಲ್ಲ. "ನಿನಗೆ ಓದಲಿಕ್ಕೆ ಬೇರೆ ಉಂಟು ಮಗಳೇ. ನನಗೆ ಇದೊಂದೇ ಅಲ್ಲವಾ?" ಎಂದರು.

ಮೂರು ವರ್ಷ ಕಳೆದು ಅವರು ತೀರಿಕೊಂಡರು. ಅವರ ಎರಡು ಸೀರೆ, ಒಂದು ಚೆಂಬು, ಜಪಮಾಲೆ ಯಾರು ಯಾರಿಗೋ ಹೋಯಿತು. ಪುಸ್ತಕ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದು ಅನಿಸಿದಾಗ ಹೇಳುವವರು ಉಳಿದಿರಲಿಲ್ಲ. ಬಚ್ಚಲಿನ ಒಲೆಗೆ ಹೋಗಿರಬೇಕು. ರಟ್ಟಿಲ್ಲದ, ಹೆಸರಿಲ್ಲದ, ಹುಡುಗಿಯರ ಪುಸ್ತಕ ತಾನೇ.